ಬೆಳ್ಳಿ ಕಲಿಲದ ಪ್ರಯೋಗ: ಎಲೆಕ್ಟ್ರೋಡ್ ಜೋಡಣೆಯನ್ನು ಸುಧಾರಿಸುವ ಬಗೆ

ಎರಡು ಬೆಳ್ಳಿ ತಂತಿ (ಇವೇ ಎಲೆಕ್ಟ್ರೋಡ್‌ಗಳು), ಒಂದು ಗಾಜಿನ ಪಾತ್ರೆ, ಸಾಲಾಗಿ ಜೋಡಿಸಿದ ಮೂರು 9 ವೋಲ್ಟ್ ಬ್ಯಾಟರಿ. ಮನೆಯಲ್ಲಿ ಬೆಳ್ಳಿಯ ಕಲಿಲವನ್ನು, ಅಂದರೆ ಬೆಳ್ಳಿಯ ಅತಿ ಸೂಕ್ಷ್ಮ ಕಣಗಳು ನೀರಿನಲ್ಲಿ ತೇಲಿಕೊಂಡಿರುವ ದ್ರವವನ್ನು, ಮಾಡಿ ನೋಡಬೇಕೆಂದು ಹೊರಟ ಹೆಚ್ಚಿನವರು ಇಷ್ಟರಿಂದಲೇ ಆರಂಭಿಸುತ್ತಾರೆ. ಮೊದಲ ಕೆಲವು ನಿಮಿಷ ಏನೂ ಕಾಣಿಸುವುದಿಲ್ಲ. ಆಮೇಲೆ ಒಂದು ತಂತಿಯಿಂದ ಹೊಗೆಯ ಎಳೆಯಂಥದ್ದು ಇಳಿಯತೊಡಗುತ್ತದೆ, ಇನ್ನೊಂದರ ಮೇಲೆ ಕಪ್ಪು ಪಾಚಿಯಂಥದ್ದು ಬೆಳೆಯುತ್ತದೆ, ಮುಕ್ಕಾಲು ಗಂಟೆ ಕಳೆಯುವಷ್ಟರಲ್ಲಿ ನೀರು ಬೂದುಬಣ್ಣಕ್ಕೆ ತಿರುಗಿ ತಳದಲ್ಲಿ ಕರಿಪುಡಿ ಕೂತಿರುತ್ತದೆ. ಆಗ ನೀರು ಸರಿಯಿಲ್ಲ, ಬೆಳ್ಳಿ ಕಲಬೆರಕೆ ಎಂಬ ಅನುಮಾನಗಳು ಹುಟ್ಟುತ್ತವೆ. ಕೆಲವೊಮ್ಮೆ ಆ ಅನುಮಾನ ನಿಜವೂ ಆಗಿರುತ್ತದೆ. ಆದರೆ ಬಹುಪಾಲು ಸಂದರ್ಭಗಳಲ್ಲಿ ತಪ್ಪು ಇರುವುದು ಬೆಳ್ಳಿಯ ಮೇಲ್ಮೈಯ ಒಂದೊಂದು ಚದರ ಸೆಂಟಿಮೀಟರಿನ ಮೂಲಕ ಎಷ್ಟು ವಿದ್ಯುತ್ತು ಹರಿಯುತ್ತಿದೆ ಎಂಬುದನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದರಲ್ಲಿ. ಮುಂದೆ ಹೇಳುವ ಸುಧಾರಣೆಗಳೆಲ್ಲ ಈ ಒಂದು ಸಂಖ್ಯೆಯನ್ನು ಹತೋಟಿಯಲ್ಲಿಡುವ ಬೇರೆಬೇರೆ ದಾರಿಗಳು.

ಅದಕ್ಕೂ ಮೊದಲು ಒಂದು ವಿಷಯ ಸ್ಪಷ್ಟವಾಗಿರಬೇಕು. ಇಲ್ಲಿ ವಿವರಿಸುತ್ತಿರುವುದು, ಸೂಕ್ಷ್ಮ ಕಣಗಳು ಬೆಳಕನ್ನು ಚದುರಿಸಿ ಕಿರಣದ ದಾರಿ ಕಾಣುವಂತೆ ಮಾಡುವ ಟಿಂಡಾಲ್ ಪರಿಣಾಮವನ್ನೂ ವಿದ್ಯುದ್ವಿಭಜನೆಯನ್ನೂ ಕಣ್ಣಾರೆ ನೋಡುವ ಮೇಜಿನ ಪ್ರಯೋಗವೇ ಹೊರತು ಕುಡಿಯುವ, ಕಣ್ಣಿಗೆ ಬಿಡುವ ಅಥವಾ ಗಾಯಕ್ಕೆ ಹಚ್ಚುವ ಔಷಧವಲ್ಲ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500 ಬೆಳ್ಳಿಗೆ ವಿಧಿಸಿರುವ ಮಿತಿ ಲೀಟರಿಗೆ 0.1 ಮಿಲಿಗ್ರಾಂ. ನಮ್ಮ ಪಾತ್ರೆಯಲ್ಲಿ ತಯಾರಾಗುವ ದ್ರವದಲ್ಲಿ ಅದರ ಐವತ್ತರಿಂದ ನೂರು ಪಟ್ಟು ಇರುತ್ತದೆ. ಹೀಗೆ ಮನೆಯಲ್ಲೇ ತಯಾರಿಸಿ ವರ್ಷಗಟ್ಟಲೆ ಕುಡಿದವರ ಚರ್ಮ ಆರ್ಜೀರಿಯಾ ಎಂಬ ಸ್ಥಿತಿಗೆ ತುತ್ತಾಗಿ ನೀಲಿ-ಬೂದು ಬಣ್ಣಕ್ಕೆ ತಿರುಗಿದ ಉದಾಹರಣೆಗಳಿವೆ. ಅಮೆರಿಕದ ಮೊಂಟಾನಾ ರಾಜ್ಯದ ರಾಜಕಾರಣಿ ಸ್ಟಾನ್ ಜೋನ್ಸ್ ಅವರದು 2002ರಲ್ಲಿ ಸುದ್ದಿಯಾದ ಪ್ರಕರಣ. ಆ ಬಣ್ಣ ಸಾಮಾನ್ಯವಾಗಿ ಮರಳಿ ಹೋಗುವುದಿಲ್ಲ. ಇದಲ್ಲದೆ ಬೆಳ್ಳಿಯು ಕೆಲವು ಆ್ಯಂಟಿಬಯೋಟಿಕ್‌ಗಳು ಮತ್ತು ಥೈರಾಯ್ಡ್ ಮಾತ್ರೆ ದೇಹಕ್ಕೆ ಸೇರುವುದನ್ನು ತಗ್ಗಿಸುತ್ತದೆ. ವೈದ್ಯರ ಚೀಟಿಯಿಲ್ಲದೆ ಮಾರುವ ಬೆಳ್ಳಿ ಕಲಿಲದ ಔಷಧಗಳು ಸುರಕ್ಷಿತವೆಂದಾಗಲಿ ಪರಿಣಾಮಕಾರಿಯೆಂದಾಗಲಿ ಪರಿಗಣಿಸಲಾಗದು ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1999ರಲ್ಲೇ ನಿಯಮ ಹೊರಡಿಸಿದೆ. ಆದ್ದರಿಂದ ಈ ಪ್ರಯೋಗಕ್ಕೆ ಬಳಸಿದ ಪಾತ್ರೆಗಳು ಮತ್ತೆ ಅಡುಗೆಮನೆಗೆ ಹೋಗಬಾರದು, ಬಾಟಲಿಯ ಮೇಲೆ ‘ಕುಡಿಯಬಾರದು’ ಎಂಬ ಚೀಟಿ ಅಂಟಿಸಿರಬೇಕು.

ಮೇಲ್ಮೈಯಲ್ಲಿ ನಡೆಯುವುದೇನು

ಬ್ಯಾಟರಿಯ ಧನ ತುದಿಗೆ ಸೇರಿದ ತಂತಿ, ಅಂದರೆ ಆನೋಡ್, ತನ್ನ ಬೆಳ್ಳಿಯ ಪರಮಾಣುಗಳನ್ನು ವಿದ್ಯುದಾವೇಶವುಳ್ಳ ಅಯಾನುಗಳಾಗಿ ನೀರಿಗೆ ಬಿಡುತ್ತದೆ. ಋಣ ತುದಿಗೆ ಸೇರಿದ ಕ್ಯಾಥೋಡ್‌ನಲ್ಲಿ ನೀರು ಒಡೆದು ಹೈಡ್ರೋಜನ್ ಗುಳ್ಳೆಗಳೂ ಹೈಡ್ರಾಕ್ಸೈಡ್ ಅಯಾನುಗಳೂ ಹುಟ್ಟುತ್ತವೆ. ಬೆಳ್ಳಿಯ ಅಯಾನು ಹೈಡ್ರಾಕ್ಸೈಡಿನೊಂದಿಗೆ ಕೂಡಿದಾಗ ಕಂದುಬಣ್ಣದ ಬೆಳ್ಳಿ ಆಕ್ಸೈಡ್ ಆಗುತ್ತದೆ. ಕ್ಯಾಥೋಡ್ ತಲುಪಿದ ಅಯಾನುಗಳು ಅಲ್ಲಿ ಮತ್ತೆ ಲೋಹವಾಗಿ, ನಯವಾದ ಲೇಪನದ ಬದಲು ಸ್ಪಂಜಿನಂಥ ಕಪ್ಪು ರೋಮಗಳಾಗಿ ಕೂರುತ್ತವೆ. ಆ ರೋಮ ಉದುರಿ ಬಿದ್ದದ್ದೇ ತಳದಲ್ಲಿ ಕಾಣುವ ಕರಿಪುಡಿ.

ಬೆಳ್ಳಿ ನೀರಿಗಿಳಿಯುವ ವೇಗವನ್ನು ಊಹಿಸಬೇಕಾಗಿಲ್ಲ, ಫ್ಯಾರಡೆಯ ನಿಯಮ ಅದನ್ನು ಖಚಿತವಾಗಿ ಹೇಳುತ್ತದೆ: ಒಂದು ಮಿಲಿಆಂಪಿಯರ್ ವಿದ್ಯುತ್ತು ಒಂದು ಗಂಟೆ ಹರಿದರೆ ಆನೋಡಿನಿಂದ ಹೆಚ್ಚೆಂದರೆ 4.03 ಮಿಲಿಗ್ರಾಂ ಬೆಳ್ಳಿ ಹೊರಡುತ್ತದೆ. ಅರ್ಧ ಲೀಟರ್ ನೀರಿನಲ್ಲಿ ಅದು ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಯಿತು. ಅದರಲ್ಲಿ ಒಂದು ಪಾಲು ಕ್ಯಾಥೋಡಿಗೆ ಮರಳುವುದರಿಂದ ನೀರಿನಲ್ಲಿ ಉಳಿಯುವುದು ಇದಕ್ಕಿಂತ ಕಡಿಮೆಯೇ. ವೋಲ್ಟೇಜ್ ಈ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ ಎಂಬುದನ್ನು ಗಮನಿಸಬೇಕು. ‘ನನ್ನದು 30 ವೋಲ್ಟ್, ನಿಮ್ಮದೆಷ್ಟು’ ಎಂದು ಕೇಳುವವರಿಗೆ ಕೊಡಬಹುದಾದ ಉತ್ತರವೆಂದರೆ, ಮಲ್ಟಿಮೀಟರನ್ನು ಮಿಲಿಆಂಪಿಯರಿಗೆ ತಿರುಗಿಸಿ ನೋಡಿ ಎಂಬುದು ಮಾತ್ರ.

ಬೆಳ್ಳಿ ಆಕ್ಸೈಡ್ 20 ಡಿಗ್ರಿಯ ನೀರಿನಲ್ಲಿ ಕರಗುವುದು ಲೀಟರಿಗೆ ಹತ್ತಾರು ಮಿಲಿಗ್ರಾಂಗಳಷ್ಟೇ. ಹೀಗಾಗಿ ಗಂಟೆಗಟ್ಟಲೆ ಓಡಿಸಿ ಸಾಂದ್ರತೆಯನ್ನು ಏರಿಸುತ್ತಲೇ ಹೋಗುವ ಪ್ರಯತ್ನವು ಕಂದು ಗಸಿಯಲ್ಲಿ ಮುಗಿಯುತ್ತದೆ. 8 ಮಿಲಿಗ್ರಾಂ ಆಸುಪಾಸಿನಲ್ಲಿ ನಿಲ್ಲಿಸುವುದು ಪ್ರಯೋಗಕ್ಕೆ ಸಾಕು.

ತಂತಿಯ ಆಯ್ಕೆ

ಒಡವೆಗಳಲ್ಲಿ ಬಳಕೆಯಾಗುವ 925 ಬೆಳ್ಳಿಯಲ್ಲಿ ಸಾವಿರಕ್ಕೆ 75 ಪಾಲು ಬೇರೆ ಲೋಹ, ಸಾಮಾನ್ಯವಾಗಿ ತಾಮ್ರ, ಇರುತ್ತದೆ. ಬೆಳ್ಳಿಯೊಂದಿಗೆ ಅದೂ ನೀರಿಗಿಳಿಯುತ್ತದೆ. ಹಳೆಯ ಕಾಲುಗೆಜ್ಜೆಯ ಸರಪಳಿ, ದೀಪದ ಮುರಿದ ಕಾಲು, ಪೂಜೆಯ ನಾಣ್ಯ ಇವು ಯಾವುವೂ ಈ ಕೆಲಸಕ್ಕೆ ಬಾರವು. ಶುದ್ಧತೆ ಗೊತ್ತಿಲ್ಲದಿರುವುದು ಒಂದು ಕಾರಣವಾದರೆ, ಬೆಸುಗೆಯಲ್ಲಿ ಏನೇನು ಸೇರಿದೆಯೆಂದು ತಿಳಿಯದಿರುವುದು ಇನ್ನೊಂದು. ಬೇಕಿರುವುದು 999 ಅಥವಾ ಅದಕ್ಕೂ ಮೇಲಿನ ಚೊಕ್ಕ ಬೆಳ್ಳಿ. ಅಕ್ಕಸಾಲಿಗರಲ್ಲಿ ಕೇಳಿದರೆ ಚೊಕ್ಕ ಬೆಳ್ಳಿಯ ಗಟ್ಟಿಯನ್ನು ಕಾಯಿಸಿ, ಅಚ್ಚಿನ ತೂತುಗಳ ಮೂಲಕ ಎಳೆದು ಬೇಕಾದ ದಪ್ಪಕ್ಕೆ ತಂತಿ ಮಾಡಿಕೊಡುತ್ತಾರೆ. ಎಳೆಯುವಾಗ ಹಚ್ಚಿದ ಎಣ್ಣೆ, ಮೇಣ, ಬಿಳಿಗಾರದ ಶೇಷ ತಂತಿಯ ಮೇಲೆ ಉಳಿದಿರುತ್ತದೆಯಾದ್ದರಿಂದ ಮೊದಲ ಬಳಕೆಗೆ ಮುನ್ನ ಚೆನ್ನಾಗಿ ತೊಳೆಯಬೇಕು.

ದಪ್ಪದ ವಿಷಯದಲ್ಲಿ ಜಿಪುಣತನ ಬೇಡ. 2 ಮಿಲಿಮೀಟರ್ ದಪ್ಪದ, ಅಂದರೆ ನಮ್ಮಲ್ಲಿ ಬಳಕೆಯಲ್ಲಿರುವ ಎಸ್‌ಡಬ್ಲ್ಯೂಜಿ ಅಳತೆಯ 14ನೇ ಗೇಜಿನ, 15 ಸೆಂಟಿಮೀಟರ್ ಉದ್ದದ ಒಂದು ತಂತಿ ಸುಮಾರು 5 ಗ್ರಾಂ ತೂಗುತ್ತದೆ. ಎರಡಕ್ಕೆ 10 ಗ್ರಾಂ. ಒಂದು ಸಲದ ಪ್ರಯೋಗಕ್ಕೆ ಖರ್ಚಾಗುವುದು ನಾಲ್ಕು ಮಿಲಿಗ್ರಾಂ ಮಾತ್ರವಾದ್ದರಿಂದ ಈ ಜೋಡಿ ಪ್ರಯೋಗ ಮಾಡುವವರ ಉತ್ಸಾಹಕ್ಕಿಂತ ಹೆಚ್ಚು ಕಾಲ ಬಾಳುತ್ತದೆ.

ದಪ್ಪ ಏಕೆ ಮುಖ್ಯವೆಂದು ಲೆಕ್ಕದಲ್ಲಿ ನೋಡೋಣ. 2 ಮಿಲಿಮೀಟರ್ ತಂತಿಯನ್ನು 10 ಸೆಂಟಿಮೀಟರ್ ಮುಳುಗಿಸಿದರೆ ನೀರಿಗೆ ತಾಗುವ ಮೇಲ್ಮೈ ಸುಮಾರು 6.3 ಚದರ ಸೆಂಟಿಮೀಟರ್. 1 ಮಿಲಿಆಂಪಿಯರ್ ಹರಿದಾಗ ಪ್ರತಿ ಚದರ ಸೆಂಟಿಮೀಟರಿಗೆ 0.16 ಮಿಲಿಆಂಪಿಯರ್ ಬೀಳುತ್ತದೆ. ಅದೇ ಅರ್ಧ ಮಿಲಿಮೀಟರಿನ ತೆಳು ತಂತಿಯನ್ನು 5 ಸೆಂಟಿಮೀಟರ್ ಮುಳುಗಿಸಿ ಅಷ್ಟೇ ವಿದ್ಯುತ್ತನ್ನು ಹರಿಸಿದರೆ ಪ್ರತಿ ಚದರ ಸೆಂಟಿಮೀಟರಿನ ಹೊರೆ 1.27 ಮಿಲಿಆಂಪಿಯರ್, ಅಂದರೆ ಎಂಟು ಪಟ್ಟು. ಮೇಲ್ಮೈಯಿಂದ ಹೊರಡುವ ಅಯಾನುಗಳು ಸುತ್ತಲಿನ ನೀರಿನಲ್ಲಿ ಹರಡಿಕೊಳ್ಳುವ ಮೊದಲೇ ಹೊಸವು ಬಂದು ದಟ್ಟೈಸುವುದರಿಂದ ಅಲ್ಲಿಯೇ ಆಕ್ಸೈಡ್ ಗಟ್ಟಿಯಾಗುತ್ತದೆ, ದಪ್ಪ ಕಣಗಳಾಗುತ್ತವೆ. ಅಭ್ಯಾಸದಿಂದ ನಾನು ಪಾಲಿಸುತ್ತಿರುವ ಮಿತಿ ಚದರ ಸೆಂಟಿಮೀಟರಿಗೆ 0.2 ಮಿಲಿಆಂಪಿಯರ್. ಇದು ಶಾಸ್ತ್ರವಾಕ್ಯವಲ್ಲ, ಆದರೆ ಇದರೊಳಗೆ ಇದ್ದಾಗ ಗಸಿ ಎದ್ದುಕಾಣುವಷ್ಟು ಕಡಿಮೆಯಾಗುತ್ತದೆ.

ಅಂತರ ಮತ್ತು ಹಿಡಿಕೆ

ಎಲೆಕ್ಟ್ರೋಡ್‌ಗಳ ನಡುವಿನ ಅಂತರವೇ ಎಲ್ಲವನ್ನೂ ನಿರ್ಧರಿಸುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಚಪ್ಪಟೆ ತಗಡುಗಳನ್ನು ಎದುರುಬದುರು ನಿಲ್ಲಿಸಿದಾಗ ಅದರಲ್ಲಿ ಹುರುಳಿದೆ. ತಂತಿಗಳಲ್ಲಿ ಹಾಗಲ್ಲ. ಸಮಾನಾಂತರವಾಗಿ ನಿಂತ ಎರಡು ತೆಳು ತಂತಿಗಳ ನಡುವಿನ ರೋಧವು ಅಂತರದ ಲಾಗರಿದಮ್ಮಿಗೆ ಅನುಗುಣವಾಗಿ ಬದಲಾಗುವುದರಿಂದ, 2 ಮಿಲಿಮೀಟರ್ ತಂತಿಗಳನ್ನು 4 ಸೆಂಟಿಮೀಟರಿನಿಂದ 2 ಸೆಂಟಿಮೀಟರಿಗೆ ಹತ್ತಿರ ತಂದರೂ ವಿದ್ಯುತ್ತು ಹೆಚ್ಚುವುದು ಕಾಲು ಭಾಗಕ್ಕೂ ಸ್ವಲ್ಪ ಕಡಿಮೆಯೇ. ಮುಳುಗಿದ ಉದ್ದವನ್ನು ಎರಡು ಪಟ್ಟು ಮಾಡಿದರೆ ಮಾತ್ರ ವಿದ್ಯುತ್ತೂ ಎರಡು ಪಟ್ಟಾಗುತ್ತದೆ, ಮೇಲ್ಮೈಯೂ ಎರಡು ಪಟ್ಟಾಗುವುದರಿಂದ ಹೊರೆ ಹೆಚ್ಚುವುದಿಲ್ಲ. ಆದ್ದರಿಂದ ಆಳವಾದ, ಕಿರಿದಾದ ಪಾತ್ರೆಯನ್ನು ಆರಿಸಿ, ತಂತಿಗಳನ್ನು ಉದ್ದಕ್ಕೂ ಮುಳುಗಿಸಿ, ಅಂತರವನ್ನು 3ರಿಂದ 4 ಸೆಂಟಿಮೀಟರಿನಲ್ಲಿ ಇಟ್ಟುಬಿಡುವುದು ಉತ್ತಮ. ಮಿಲಿಮೀಟರುಗಳ ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ತಂತಿಗಳು ಪರಸ್ಪರ ಸಮಾನಾಂತರವಾಗಿರುವುದು ಮಾತ್ರ ಅಗತ್ಯ. ಕೆಳತುದಿಯಲ್ಲಿ ಒಂದಕ್ಕೊಂದು ಬಾಗಿಕೊಂಡಿದ್ದರೆ ವಿದ್ಯುತ್ತು ಅಲ್ಲಿಯೇ ಜಮಾಯಿಸಿ ಆ ತುದಿ ಮೊದಲು ಕಪ್ಪಾಗುತ್ತದೆ. ಡೊಂಕಾದ ತಂತಿಯನ್ನು ನುಣುಪಾದ ಎರಡು ಹಲಗೆಗಳ ನಡುವೆ ಇಟ್ಟು ಉರುಳಿಸಿದರೆ ನೆಟ್ಟಗಾಗುತ್ತದೆ. ಕತ್ತರಿಸಿದ ತುದಿಯ ಚೂಪನ್ನು ನಯವಾದ ಅರದಿಂದ ಉಜ್ಜಿ ದುಂಡಗೆ ಮಾಡಬೇಕು. ತಗಡನ್ನು ಬಳಸುವವರು ನಾಲ್ಕು ಮೂಲೆಗಳನ್ನೂ ಅಂಚುಗಳನ್ನೂ ಹೀಗೆಯೇ ದುಂಡಾಗಿಸಬೇಕು, ಏಕೆಂದರೆ ವಿದ್ಯುತ್ ಕ್ಷೇತ್ರ ಚೂಪಾದ ಕಡೆಯಲ್ಲಿ ತೀವ್ರವಾಗುತ್ತದೆ.

ಪಾತ್ರೆಯ ಬಾಯಿಗೆ ಹೊಂದುವ ಅಕ್ರಿಲಿಕ್ ಅಥವಾ ಪ್ಲಾಸ್ಟಿಕ್ ಮುಚ್ಚಳದಲ್ಲಿ ತಂತಿ ಬಿಗಿಯಾಗಿ ಕೂರುವಷ್ಟೇ ಅಗಲದ ಎರಡು ತೂತು ಕೊರೆಯುವುದು ಅತ್ಯಂತ ಸರಳವಾದ ಹಿಡಿಕೆ. ಮರದ ಪಟ್ಟಿ ಬೇಡ, ಅದು ಆವಿಯನ್ನು ಹೀರಿ ಒದ್ದೆಯಾಗುತ್ತದೆ. ತಂತಿಯ ಮೇಲ್ತುದಿಯನ್ನು ಮುಚ್ಚಳದ ಮೇಲೆ ಕೊಕ್ಕೆಯಂತೆ ಬಾಗಿಸಿ ಕ್ರೊಕೊಡೈಲ್ ಕ್ಲಿಪ್ಪನ್ನು ಅಲ್ಲಿ ಕಚ್ಚಿಸಬೇಕು. ಕ್ಲಿಪ್ಪಾಗಲಿ ಬೆಸುಗೆ ಹಾಕಿದ ಜಾಗವಾಗಲಿ ಎಂದಿಗೂ ನೀರಿಗೆ ತಾಗಬಾರದು. ಮೊದಮೊದಲು ನಾನು ಗಾಜಿನ ಅಂಚಿಗೇ ಕ್ಲಿಪ್ ಸಿಕ್ಕಿಸಿ ಕೆಲಸ ಮಾಡುತ್ತಿದ್ದೆ. ಒಂದು ಸಂಜೆ ಅದು ಜಾರಿ ಅರ್ಧ ಮುಳುಗಿದ್ದನ್ನು ಗಮನಿಸದೆ ಹೋದೆ, ಮರುದಿನ ಹಸಿರು ಛಾಯೆಯ ನೀರನ್ನು ನೋಡಿದಾಗ ಕ್ಲಿಪ್ಪಿನ ಹಲ್ಲುಗಳು ಸವೆದುಹೋಗಿದ್ದವು. ಮುಚ್ಚಳ ಮಾಡಿಕೊಂಡದ್ದು ಆ ಮೇಲೆಯೇ.

ವಿದ್ಯುತ್ತಿಗೆ ಕಡಿವಾಣ

ಶುದ್ಧ ನೀರು ಮೊದಲಿಗೆ ಅಲ್ಪ ವಾಹಕ. ಮೈಕ್ರೋಸೀಮನ್ಸ್ ಲೆಕ್ಕದಲ್ಲಿ ಸೆಂಟಿಮೀಟರಿಗೆ 1ರಷ್ಟು ವಾಹಕತೆಯ ನೀರಿನಲ್ಲಿ ಮೇಲೆ ಹೇಳಿದ ಅಳತೆಯ ಜೋಡಿಯನ್ನಿಟ್ಟು 27 ವೋಲ್ಟ್ ಕೊಟ್ಟರೆ ಹರಿಯುವುದು ಹೆಚ್ಚುಕಡಿಮೆ 0.2 ಮಿಲಿಆಂಪಿಯರ್. ಬೆಳ್ಳಿಯ ಅಯಾನುಗಳು ಸೇರುತ್ತಾ ಹೋದಂತೆ ವಾಹಕತೆ ಏರುತ್ತದೆ, ಅದರಿಂದ ವಿದ್ಯುತ್ತು ಏರುತ್ತದೆ, ಅದರಿಂದ ಇನ್ನಷ್ಟು ಅಯಾನು ಸೇರುತ್ತದೆ. ಕಡಿವಾಣವಿಲ್ಲದ ಜೋಡಣೆಯಲ್ಲಿ ಮೊದಲರ್ಧ ಗಂಟೆ ತಿಳಿಯಾಗಿದ್ದ ನೀರು ಕೊನೆಯ ಹತ್ತು ನಿಮಿಷದಲ್ಲಿ ಕೆಡುವುದಕ್ಕೆ ಕಾರಣ ಈ ಏರುಗತಿ. ಎಲೆಕ್ಟ್ರೋಡ್ ಎಷ್ಟೇ ಚೆನ್ನಾಗಿದ್ದರೂ ಇದನ್ನು ತಡೆಯದಿದ್ದರೆ ಪ್ರಯೋಜನವಿಲ್ಲ.

ಅಗ್ಗದ ಉಪಾಯವೆಂದರೆ ಸರಣಿಯಲ್ಲಿ ಒಂದು 27 ಕಿಲೋಓಮ್ ರೋಧಕ. 27 ವೋಲ್ಟಿಗೆ ತಂತಿಗಳು ಒಂದಕ್ಕೊಂದು ತಾಗಿದರೂ 1 ಮಿಲಿಆಂಪಿಯರಿಗಿಂತ ಹೆಚ್ಚು ಹರಿಯಲು ಅದು ಬಿಡುವುದಿಲ್ಲ. ಇನ್ನೂ ಅಚ್ಚುಕಟ್ಟಾಗಿ ಬೇಕೆಂದರೆ ಎಲ್‌ಎಂ 334 ಎಂಬ ಮೂರು ಕಾಲಿನ ಚಿಪ್ಪಿಗೆ 68 ಓಮ್ ರೋಧಕ ಸೇರಿಸಿದರೆ, ನೀರಿನ ವಾಹಕತೆ ಸಾಕಷ್ಟು ಏರಿದ ಮೇಲೆ, ವಿದ್ಯುತ್ತು 1 ಮಿಲಿಆಂಪಿಯರಿನ ಆಸುಪಾಸಿನಲ್ಲಿ ಸ್ಥಿರವಾಗಿ ನಿಲ್ಲುತ್ತದೆ. 40 ವೋಲ್ಟಿನವರೆಗೆ ಅದು ತಾಳಿಕೊಳ್ಳುತ್ತದೆ. ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಗಳಲ್ಲಿ ಇಂಥವನ್ನು ವಿಚಾರಿಸಬಹುದು. ಎಲ್‌ಎಂ 317 ಎಂಬ ಇನ್ನೊಂದು ಚಿಪ್ಪನ್ನು ಬಳಸಲು ಹೋಗಬಾರದು, ಅದು ಸರಿಯಾಗಿ ಕೆಲಸ ಮಾಡಲು ಹಲವು ಮಿಲಿಆಂಪಿಯರ್ ಹರಿಯಲೇಬೇಕು. ವಿದ್ಯುತ್ತಿನ ಮೂಲವಾಗಿ ಬ್ಯಾಟರಿಗಳೇ ಸಾಕು. ಇಷ್ಟು ಕಡಿಮೆ ಬಳಕೆಗೆ ಅವು ನೂರಾರು ಗಂಟೆ ಬರುತ್ತವೆ, ಮನೆಯ 230 ವೋಲ್ಟಿನ ಸಂಪರ್ಕ ನೀರಿನ ಹತ್ತಿರ ಸುಳಿಯುವ ಪ್ರಶ್ನೆಯೇ ಇರುವುದಿಲ್ಲ.

ಧ್ರುವಗಳ ಅದಲುಬದಲು ಮತ್ತು ಕಲಕುವಿಕೆ

ಕ್ಯಾಥೋಡಿನ ಕಪ್ಪು ರೋಮವನ್ನು ಹತ್ತು ನಿಮಿಷಕ್ಕೊಮ್ಮೆ ಒರೆಸುವುದು ಹಳೆಯ ಕ್ರಮ. ಅದಕ್ಕಿಂತ ಒಳ್ಳೆಯದು ಎರಡು ತಂತಿಗಳ ಪಾತ್ರವನ್ನು ಆಗಾಗ ಬದಲಾಯಿಸುವುದು. ಈ ಸುತ್ತಿನಲ್ಲಿ ಕ್ಯಾಥೋಡಾಗಿ ರೋಮ ಬೆಳೆಸಿಕೊಂಡ ತಂತಿ ಮುಂದಿನ ಸುತ್ತಿನಲ್ಲಿ ಆನೋಡಾಗಿ ಅದನ್ನು ಬಿಟ್ಟುಕೊಡುತ್ತದೆ, ಎರಡೂ ತಂತಿಗಳು ಸಮನಾಗಿ ಸವೆಯುತ್ತವೆ. ಎರಡು ಸಂಪರ್ಕಗಳನ್ನು ಒಟ್ಟಿಗೇ ಬದಲಾಯಿಸುವ, ಆರು ತುದಿಗಳ ಡಿಪಿಡಿಟಿ ಸ್ವಿಚ್ಚಿನ ನಡುವಿನ ಎರಡು ತುದಿಗಳನ್ನು ಎಲೆಕ್ಟ್ರೋಡ್‌ಗಳಿಗೂ, ಒಂದು ಪಕ್ಕದ ಎರಡು ತುದಿಗಳನ್ನು ವಿದ್ಯುತ್ ಮೂಲಕ್ಕೂ ಸೇರಿಸಿ, ಆ ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಕತ್ತರಿಯಾಕಾರದಲ್ಲಿ ತಂತಿ ಎಳೆದರೆ ಕೆಲಸ ಮುಗಿಯಿತು. ಎಲ್‌ಎಂ 334 ಒಂದೇ ದಿಕ್ಕಿನಲ್ಲಿ ಕೆಲಸ ಮಾಡುವುದರಿಂದ ಅದು ಸ್ವಿಚ್ಚಿಗಿಂತ ಮೊದಲು, ಬ್ಯಾಟರಿಯ ಕಡೆಯಲ್ಲಿ, ಇರಬೇಕು. ಸ್ವಿಚ್ಚಿನ ಆಚೆಗೆ ಇಟ್ಟರೆ ಅರ್ಧ ಸುತ್ತುಗಳಲ್ಲಿ ವೋಲ್ಟೇಜ್ ಅದಕ್ಕೆ ಹಿಮ್ಮುಖವಾಗಿ ಬಿದ್ದು ಅದು ಸರಿಯಾಗಿ ಕೆಲಸ ಮಾಡುವುದಿಲ್ಲ.

ಒಂದರಿಂದ ಎರಡು ನಿಮಿಷಕ್ಕೊಮ್ಮೆ ಬದಲಾಯಿಸಿದರೆ ಸಾಕು. ಸೆಕೆಂಡಿಗೊಮ್ಮೆ ತಿರುಗಿಸಿದರೆ ಆಗತಾನೇ ಹೊರಟ ಅಯಾನು ದೂರ ಹೋಗುವ ಮೊದಲೇ ಅದೇ ತಂತಿಗೆ ಮರಳಿ ಅಂಟಿಕೊಳ್ಳುತ್ತದೆ, ಶ್ರಮ ವ್ಯರ್ಥವಾಗುತ್ತದೆ.

ಕಲಕುವುದರ ಉದ್ದೇಶವೂ ಇದೇ, ಅಯಾನುಗಳನ್ನು ಮೇಲ್ಮೈಯಿಂದ ಬೇಗ ದೂರಕ್ಕೆ ಒಯ್ಯುವುದು. ಅಯಸ್ಕಾಂತದ ಕಲಕುವ ಯಂತ್ರವಿದ್ದರೆ ನಿಧಾನಗತಿಯಲ್ಲಿ, ಸುಳಿ ಏಳದಂತೆ ಓಡಿಸಬೇಕು. ಹಳೆಯ ಕಂಪ್ಯೂಟರಿನ ಫ್ಯಾನಿಗೆ ಎರಡು ಅಯಸ್ಕಾಂತ ಅಂಟಿಸಿಯೂ ಅದನ್ನು ಮಾಡಿಕೊಳ್ಳಬಹುದು. ಮೀನಿನ ತೊಟ್ಟಿಯ ಗಾಳಿಪಂಪು ಹೊರಗಿನ ಧೂಳನ್ನೂ ಇಂಗಾಲದ ಡೈಆಕ್ಸೈಡನ್ನೂ ನೀರಿಗೆ ತುಂಬುವುದರಿಂದ ಅದು ಬೇಡ.

ನೀರು, ತೊಳೆಯುವಿಕೆ, ಪರೀಕ್ಷೆ

ನಲ್ಲಿಯ ನೀರಿನ ಕ್ಲೋರೈಡ್ ಬೆಳ್ಳಿಯೊಂದಿಗೆ ಕೂಡಿದರೆ ಹಾಲಿನಂಥ ಬಿಳಿ ಮಬ್ಬು ಏಳುತ್ತದೆ. ಭಟ್ಟಿ ಇಳಿಸಿದ ನೀರನ್ನೇ ಬಳಸಬೇಕು, ಬ್ಯಾಟರಿಗೆಂದು ಮಾರುವ ನೀರಿನ ಗುಣ ಕ್ಯಾನಿನಿಂದ ಕ್ಯಾನಿಗೆ ಬದಲಾಗುವುದರಿಂದ, ನೀರಿನಲ್ಲಿ ಕರಗಿದ ಲವಣಗಳನ್ನು ಅಂದಾಜಿಸುವ ಟಿಡಿಎಸ್ ಮೀಟರಿನಲ್ಲಿ 0 ಅಥವಾ 1 ತೋರಿಸುವುದನ್ನು ಮಾತ್ರ ಆರಿಸಬೇಕು. ಪಾತ್ರೆಯನ್ನೂ ಕೊನೆಯ ಮೂರು ಸಲ ಅದೇ ನೀರಿನಲ್ಲಿ ಜಾಲಿಸಬೇಕು. ವಿದ್ಯುತ್ತು ಬೇಗ ಹರಿಯಲೆಂದು ಉಪ್ಪು ಹಾಕುವವರಿದ್ದಾರೆ. ಹಾಗೆ ಮಾಡಿದರೆ ಸಿಗುವುದು ಬೆಳ್ಳಿಯ ಕಲಿಲವಲ್ಲ, ಬೆಳ್ಳಿ ಕ್ಲೋರೈಡಿನ ಗಸಿ.

ತಂತಿಗಳನ್ನು ಪ್ರತಿ ಸಲದ ನಂತರ ಹೊಸ ಹಸಿರು ಸ್ಕ್ರಬ್ ಪ್ಯಾಡಿನಿಂದ ಉದ್ದುದ್ದಕ್ಕೆ ಉಜ್ಜಿ, ಭಟ್ಟಿ ನೀರಿನಲ್ಲಿ ತೊಳೆದು ಒಣಗಿಸಬೇಕು. ನಮ್ಮ ಮನೆಗಳಲ್ಲಿ ಬೆಳ್ಳಿಯ ದೀಪಕ್ಕೆ ವಿಭೂತಿ ಹಚ್ಚಿ ತಿಕ್ಕುವ ರೂಢಿಯಿದೆ. ದೀಪಕ್ಕೆ ಅದು ಹೊಳಪು ಕೊಟ್ಟರೂ ಎಲೆಕ್ಟ್ರೋಡಿಗೆ ಸಲ್ಲದು, ಬೂದಿಯ ಲವಣಗಳು ಗೀರುಗಳಲ್ಲಿ ಉಳಿದು ಮುಂದಿನ ಪ್ರಯೋಗದ ನೀರಿಗೆ ಸೇರುತ್ತವೆ. ಹುಣಸೆ, ಪಾಲಿಶ್ ದ್ರಾವಣಗಳಿಗೂ ಇದೇ ಮಾತು. ಅಮೋನಿಯ ಮಾತ್ರ ಸುತರಾಂ ಬೇಡ: ಬೆಳ್ಳಿ ಆಕ್ಸೈಡ್ ಕರಗಿದ ಅಮೋನಿಯ ದ್ರಾವಣವನ್ನು ಹಾಗೆಯೇ ಇಟ್ಟರೆ ಮುಟ್ಟಿದರೆ ಸಿಡಿಯುವಂಥ ಸಂಯುಕ್ತ ಅದರಲ್ಲಿ ರೂಪುಗೊಳ್ಳಬಲ್ಲದು.

ತಯಾರಾದದ್ದನ್ನು ಪರೀಕ್ಷಿಸಲು ಕತ್ತಲ ಕೋಣೆಯಲ್ಲಿ ಪಾತ್ರೆಯ ಪಕ್ಕದಿಂದ ಲೇಸರ್ ಪಾಯಿಂಟರಿನ ಕಿರಣವನ್ನು ಹಾಯಿಸಬೇಕು, ಕಣ್ಣಿಗೆ ಬೀಳದಂತೆ ಎಚ್ಚರ ವಹಿಸಬೇಕು. ಮೊದಲು ಖಾಲಿ ಭಟ್ಟಿ ನೀರಿನಲ್ಲಿ ನೋಡಿ ಹೋಲಿಕೆಗೆ ಇಟ್ಟುಕೊಳ್ಳಬೇಕು. ಕಲಿಲವಿದ್ದರೆ ಕಿರಣದ ದಾರಿ ಎಡೆಬಿಡದ ಮಂಜಿನ ಕೋಲಿನಂತೆ ಕಾಣುತ್ತದೆ. ಅಲ್ಲಲ್ಲಿ ಮಿನುಗುವ ಚುಕ್ಕಿಗಳು ಕಂಡರೆ ಅವು ಧೂಳು ಅಥವಾ ಉದುರಿದ ರೋಮ. ನೀರು ಪೂರ್ತಿ ತಿಳಿಯಾಗಿದ್ದು ಕೋಲು ಬಹಳ ಮಸುಕಾಗಿದ್ದರೆ ಬೇಸರಪಡಬೇಕಾಗಿಲ್ಲ. ಈ ವಿಧಾನದಲ್ಲಿ ಹೊರಬರುವ ಬೆಳ್ಳಿಯ ಹೆಚ್ಚಿನ ಪಾಲು ಅಯಾನು ರೂಪದಲ್ಲೇ ಇರುತ್ತದೆ, ಕಣಗಳಾಗಿ ಅಲ್ಲ. ಬಹಳ ಚಿಕ್ಕ ಲೋಹಕಣಗಳು 400 ನ್ಯಾನೋಮೀಟರ್ ಸುಮಾರಿನ ನೇರಳೆ ಬೆಳಕನ್ನು ಹೀರುವುದರಿಂದ ನಿಜವಾದ ಬೆಳ್ಳಿ ಕಲಿಲ ಹಳದಿಯಾಗಿ ಕಾಣುತ್ತದೆ. ಟಿಡಿಎಸ್ ಮೀಟರು ತೋರಿಸುವ ಸಂಖ್ಯೆಯನ್ನು ಬೆಳ್ಳಿಯ ಪ್ರಮಾಣವೆಂದು ಓದಬಾರದು. ಅದು ವಾಹಕತೆಯನ್ನು ಅಳೆದು ಉಪ್ಪಿನ ಲೆಕ್ಕಕ್ಕೆ ಪರಿವರ್ತಿಸುವ ಸಾಧನ, ಲೋಹದ ಕಣಗಳು ಅದಕ್ಕೆ ಕಾಣುವುದೇ ಇಲ್ಲ. ಮಿಲಿಆಂಪಿಯರನ್ನು ಐದು ನಿಮಿಷಕ್ಕೊಮ್ಮೆ ಪುಸ್ತಕದಲ್ಲಿ ಬರೆದು ಸಮಯದೊಂದಿಗೆ ಗುಣಿಸುವುದು ಹೆಚ್ಚು ನಂಬಬಹುದಾದ ಅಂದಾಜು.

ಪ್ರಯೋಗ ಮುಗಿದ ದ್ರವವನ್ನು ಚರಂಡಿಗೆ, ಬಾವಿಯ ಕಟ್ಟೆಗೆ, ಗಿಡದ ಬುಡಕ್ಕೆ ಸುರಿಯಬಾರದು. ಬೆಳ್ಳಿಯ ಅಯಾನು ಜಲಚರಗಳಿಗೆ ಬಹಳ ವಿಷಕಾರಿ. ಕೈಗವಸು ಹಾಕಿಕೊಂಡು ಅದನ್ನೊಂದು ಬಕೆಟ್ಟಿಗೆ ಸೇರಿಸಿ ಒಂದು ಚಮಚ ಉಪ್ಪು ಕದಡಬೇಕು. ಅಯಾನುಗಳು ಬೆಳ್ಳಿ ಕ್ಲೋರೈಡಾಗಿ ಮಬ್ಬುಗಟ್ಟಿ ಒಂದೆರಡು ದಿನಗಳಲ್ಲಿ ತಳಕ್ಕೆ ಇಳಿಯುತ್ತವೆ, ಉಪ್ಪಿನಿಂದ ಲೋಹದ ಕಣಗಳೂ ಗುಂಪುಗೂಡಿ ಕೂರುತ್ತವೆ. ಮೇಲಿನ ತಿಳಿಯನ್ನು ಬಸಿದು ತೆಗೆದು, ಉಳಿದ ಗಸಿಯನ್ನು ಕಾಫಿ ಸೋಸುವ ಕಾಗದದಲ್ಲಿ ಹಿಡಿದು ಒಣಗಿಸಿ, ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಡಬೇಕು. ಬೆಳಕು ತಾಗಿದಂತೆ ಆ ಬಿಳಿಪುಡಿ ನೇರಳೆಯಾಗಿ, ಆಮೇಲೆ ಕಪ್ಪಾಗುವುದನ್ನು ಮಕ್ಕಳಿಗೆ ತೋರಿಸಬಹುದು. ಛಾಯಾಚಿತ್ರದ ಹಳೆಯ ಫಿಲ್ಮುಗಳು ನಂಬಿಕೊಂಡಿದ್ದದ್ದು ಬೆಳ್ಳಿಲವಣಗಳ ಈ ಗುಣವನ್ನೇ.